ನಿಂತ ಸ್ಕ್ರಿಪ್ಟಿಗೆ ಒಂದು, ಓಡುವ ಸ್ಕ್ರಿಪ್ಟಿಗೆ ಇನ್ನೊಂದು: ಸಬ್‌ರೂಟೀನ್ ಕರೆಗಳ ಜಾಡು ಹಿಡಿಯೋಕೆ ಯಾವ ಟೂಲ್?

ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಮೇಜಿನ ಕೆಳಗೆ ಹಳೇ ಕಂಪ್ಯೂಟರ್ ಒಂದಿದೆ. ಅದರಲ್ಲಿ ಲಿನಕ್ಸ್, ಅದರ ಮೇಲೆ ಪರ್ಲ್ ಭಾಷೆಯಲ್ಲಿ ಬರೆದ ಒಂದು ಸ್ಕ್ರಿಪ್ಟ್. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಲಾಟ್‌ಗಳ ತೂಕ, ದರ ಹಾಕಿದರೆ ಲೆಕ್ಕ ಮಾಡಿ ಪಟ್ಟಿ ಮುದ್ರಿಸುತ್ತದೆ. ಬೆಳೆಗಾರರ ಮೊಬೈಲಿಗೆ ಎಸ್ಎಂಎಸ್ ಕಳಿಸುತ್ತದೆ. ಬರೆದವರು ಯಾರೋ, ಈಗ ಎಲ್ಲಿದ್ದಾರೋ. ನೋಡಿಕೊಳ್ಳುವವನು ಮಾತ್ರ ನಾನು. ಅದೂ ತೀರ್ಥಹಳ್ಳಿ ಕಡೆಯ ಮನೆಯಲ್ಲಿ ಕೂತು, ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡು.

ಆಷಾಢದ ಒಂದು ಮಧ್ಯಾಹ್ನ ಮಂಡಿಯ ಗುಮಾಸ್ತರು ಫೋನ್ ಮಾಡಿದರು. "ಅಣ್ಣಾ, ಪಟ್ಟಿ ಬರ್ತಿಲ್ಲ. ಎರರ್ರೂ ಇಲ್ಲ, ಎಂಥದೂ ಇಲ್ಲ. ಸುಮ್ನೆ ಕೂತಿದೆ." ಹಿಂದಿನಿಂದ ಸಾಹುಕಾರರ ದನಿ ಕೇಳಿಸಿತು. "ಜನ ಕಾಯ್ತಿದ್ದಾರೆ ಮಾರಾಯಾ, ಬಂದ್ ಮಾಡಿ ಚಾಲೂ ಮಾಡ್ಲಾ?"

ಬಂದ್ ಮಾಡಿ ಚಾಲೂ ಮಾಡಿದರೆ ಕೆಲಸ ಸಾಗುತ್ತದೆ, ನಿಜ. ಆದರೆ ಯಾಕೆ ನಿಂತಿತು ಅನ್ನುವುದು ಅದರ ಜೊತೆಗೇ ಅಳಿಸಿಹೋಗುತ್ತದೆ. "ಎರಡು ನಿಮಿಷ ತಡೀರಿ" ಅಂದೆ. ಆ ಎರಡು ನಿಮಿಷದಲ್ಲಿ ಕೈಗೆ ಯಾವ ಟೂಲ್ ತಗೋಬೇಕು ಅನ್ನುವುದೇ ಇಲ್ಲಿನ ವಿಷಯ. ಅವತ್ತು ನಾನು ತಗೊಂಡದ್ದು ತಪ್ಪು ಟೂಲ್. ಮುಂದಿನ ಸಲವೂ ಅದನ್ನೇ ತಗೊಂಡೆ.

ಒಂದು ಮಾತು. ಕಮಾಂಡ್‌ಗಳನ್ನು ಉಚ್ಚಾರದ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಬೇಕು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ

ನಮ್ಮ ಮನೆಗೆ ನೀರು ಬರುವುದು ಗುಡ್ಡದ ಮೇಲಿನ ಅಬ್ಬಿಯಿಂದ, ಪೈಪಿನಲ್ಲಿ. ನಲ್ಲಿಯಲ್ಲಿ ನೀರು ಪೂರ್ತಿ ನಿಂತರೆ ಪೈಪ್ ಎಲ್ಲೋ ಕಟ್ಟಿದೆ, ಇಲ್ಲಾ ಕಳಚಿದೆ. ಸಣ್ಣಗೆ ಬರುತ್ತಿದ್ದರೆ ಎಲ್ಲೋ ಸೋರುತ್ತಿದೆ. ನೀರು ಚೆನ್ನಾಗೇ ಬರ್ತಿದೆ, ಆದರೆ ತೋಟದ ತೊಟ್ಟಿಗೆ ಹೋಗಬೇಕಾದ್ದು ಕೊಟ್ಟಿಗೆಗೆ ಹೋಗ್ತಿದೆ ಅಂದರೆ ಯಾವುದೋ ವಾಲ್ವ್ ತಪ್ಪಾಗಿ ತಿರುಗಿದೆ. ಮೂರಕ್ಕೂ ಒಂದೇ ಥರ ಹುಡುಕಿದರೆ ಇಂಬಳ ಕಚ್ಚಿಸಿಕೊಂಡು ಬರೋದಷ್ಟೇ ಲಾಭ.

ಸ್ಕ್ರಿಪ್ಟಿನ ಕಥೆಯೂ ಹೀಗೇ. ಅದು ಎಲ್ಲಿ ನಿಂತಿದೆ ಅನ್ನುವುದು ಒಂದು ಪ್ರಶ್ನೆ. ಹೊತ್ತು ಎಲ್ಲಿ ಹೋಗ್ತಿದೆ ಅನ್ನುವುದು ಇನ್ನೊಂದು. ಯಾವ ದಾರಿಯಲ್ಲಿ ಹೋಯಿತು, ಅಂದರೆ ಯಾವ ಸಬ್‌ರೂಟೀನ್ (ಸ್ಕ್ರಿಪ್ಟಿನೊಳಗೆ ಹೆಸರಿಟ್ಟು ಬರೆದ ಒಂದೊಂದು ಕೆಲಸದ ತುಂಡು) ಯಾವುದನ್ನು ಕರೆಯಿತು ಅನ್ನುವುದು ಮೂರನೆಯದು. ಕರೆಗಳನ್ನು ಒಂದೊಂದಾಗಿ ಹಿಂಬಾಲಿಸುವ ಟೂಲ್ ನಿಜವಾಗಿ ಬೇಕಾಗುವುದು ಮೂರನೆಯದಕ್ಕೆ ಮಾತ್ರ. ಆದರೆ ನಮ್ಮಲ್ಲಿ ಜಾಸ್ತಿ ಜನ ಮೊದಲು ಹುಡುಕುವುದು ಅದನ್ನೇ. ನಾನೂ ಅಷ್ಟೇ ಮಾಡಿದ್ದೆ.

ಪರ್ಲ್‌ಫ್ಲೋ ಮತ್ತು ಅದರ ಬಳಗ

ಬಿಸಿಸಿ ಅನ್ನುವ ಟೂಲ್‌ಗಳ ಒಂದು ಗೊಂಚಲಿದೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗೆ ಇಣುಕೋಕೆ ಬಿಡುವ ಇಬಿಪಿಎಫ್ ಅನ್ನುವ ಸೌಲಭ್ಯದ ಮೇಲೆ ನಿಂತದ್ದು. ಅದರಲ್ಲಿ ಯುಫ್ಲೋ ಅಂತ ಒಂದು ಟೂಲ್. ಪರ್ಲ್, ಪೈಥಾನ್, ರೂಬಿ, ಪಿಎಚ್‌ಪಿ, ಟಿಕಲ್, ಜಾವಾ ಇಷ್ಟಕ್ಕೂ ಆಗುತ್ತದೆ. ಪರ್ಲ್‌ಫ್ಲೋ, ಪೈಥಾನ್‌ಫ್ಲೋ, ರೂಬಿಫ್ಲೋ ಅಂತ ಬೇರೆ ಬೇರೆ ಹೆಸರಿನಲ್ಲಿ ಸಿಗುವುದು ಇದರದ್ದೇ ಮರಿಗಳು. ಡೆಬಿಯನ್, ಉಬುಂಟು ಆದರೆ ಬಿಪಿಎಫ್‌ಸಿಸಿ-ಟೂಲ್ಸ್ ಅನ್ನುವ ಪ್ಯಾಕೇಜ್ ಹಾಕಿಕೊಳ್ಳಬೇಕು. ಅಲ್ಲಿ ಕಮಾಂಡಿನ ಹೆಸರಿಗೆ ಬಾಲ ಸೇರಿ ಪರ್ಲ್‌ಫ್ಲೋ-ಬಿಪಿಎಫ್‌ಸಿಸಿ ಆಗುತ್ತದೆ. ಬರೀ ಪರ್ಲ್‌ಫ್ಲೋ ಅಂತ ಹೊಡೆದು "ಕಮಾಂಡ್ ಸಿಗಲಿಲ್ಲ" ಅಂತ ಬಂದರೆ ಗಾಬರಿ ಬೇಡ.

ಬಳಸುವುದು ಸುಲಭ. ಮುಂದೆ ಸುಡೋ (ಯಂತ್ರದ ಯಜಮಾನನ, ಅಂದರೆ ರೂಟ್‌ನ ಅಧಿಕಾರದಲ್ಲಿ ಓಡಿಸು ಅಂತ), ಹಿಂದೆ ಪ್ರೋಸೆಸ್ ನಂಬರ್ (ಓಡುವ ಪ್ರತಿ ಪ್ರೋಗ್ರಾಮಿಗೂ ಲಿನಕ್ಸ್ ಕೊಡುವ ಸಂಖ್ಯೆ), ಅಷ್ಟೇ. ಓಡುತ್ತಿರುವ ಸ್ಕ್ರಿಪ್ಟನ್ನು ನಿಲ್ಲಿಸಬೇಕಿಲ್ಲ, ಒಂದಕ್ಷರ ಬದಲಿಸಬೇಕಿಲ್ಲ. ಸಬ್‌ರೂಟೀನ್ ಒಳಗೆ ಹೋದಾಗಲೆಲ್ಲ ಬಲಕ್ಕೆ ಮುಖ ಮಾಡಿದ ಬಾಣ, ಹೊರಗೆ ಬಂದಾಗ ಎಡಕ್ಕೆ ಮುಖ ಮಾಡಿದ ಬಾಣ. ಒಳಗಿನ ಕರೆ ಒಂದು ಹೆಜ್ಜೆ ಬಲಕ್ಕೆ ಸರಿದು ಕಾಣುತ್ತದೆ. ಪಕ್ಕದಲ್ಲಿ ಸಿಪಿಯು, ಪ್ರೋಸೆಸ್, ಥ್ರೆಡ್ ನಂಬರ್‌ಗಳು ಮತ್ತು ಟೂಲ್ ಶುರುವಾಗಿ ಎಷ್ಟು ಸೆಕೆಂಡ್ ಆಯಿತು ಅನ್ನುವ ಲೆಕ್ಕ. ಮೊದಲ ಸಲ ನೋಡಿದಾಗ ಖುಷಿಯಾಗುತ್ತದೆ. ಯಾರೋ ಬರೆದ ಸ್ಕ್ರಿಪ್ಟಿನ ಹೊಟ್ಟೆಯೊಳಗೆ ಟಾರ್ಚ್ ಹಿಡಿದ ಹಾಗೆ.

ಆದರೆ ಅವತ್ತು ನನಗೆ ಸಿಕ್ಕಿದ್ದು ಬಾಣಗಳಲ್ಲ, ಪ್ರೋಬ್‌ಗಳೇ ಇಲ್ಲ ಅನ್ನುವ ದೂರು.

ವಿಷಯ ಇಷ್ಟೇ. ಪರ್ಲ್‌ಫ್ಲೋ ತಾನಾಗಿ ಏನೂ ಕಂಡುಹಿಡಿಯುವುದಿಲ್ಲ. ಸ್ಕ್ರಿಪ್ಟನ್ನು ಓಡಿಸುವ ಪರ್ಲ್‌ನೊಳಗೇ ಮೊದಲೇ ನೆಟ್ಟ ಗುರುತುಗಳು, ಅಂದರೆ ಪ್ರೋಬ್‌ಗಳು, ಇರಬೇಕು. ಸಬ್ ಒಳಗೆ ಹೋದಾಗ ಒಂದು, ಹೊರಗೆ ಬಂದಾಗ ಒಂದು. ಸೋಲಾರಿಸ್‌ನ ಡಿಟ್ರೇಸ್‌ಗಾಗಿ ಹುಟ್ಟಿದ ಪದ್ಧತಿ ಇದು. ಪರ್ಲ್‌ಗೆ ಬಂದದ್ದು 5.10.1 ಆವೃತ್ತಿಯಲ್ಲಿ, ಪೈಥಾನ್‌ಗೆ 3.6ರಲ್ಲಿ. ಬಂದಿದೆ ಅಂದ ಮಾತ್ರಕ್ಕೆ ನಿಮ್ಮ ಯಂತ್ರದಲ್ಲಿ ಇದೆ ಅಂತಲ್ಲ. ಪರ್ಲ್ ಕಂಪೈಲ್ ಮಾಡುವಾಗ ಯೂಸ್‌ಡಿಟ್ರೇಸ್ ಅನ್ನುವ ಆಯ್ಕೆ ಕೊಟ್ಟಿರಬೇಕು. ಪೈಥಾನ್‌ಗೆ ವಿತ್-ಡಿಟ್ರೇಸ್. ಪಿಎಚ್‌ಪಿ ಇನ್ನೂ ಒಂದು ಹೆಜ್ಜೆ ಮುಂದೆ: ಕಂಪೈಲ್ ಮಾಡುವಾಗಲೂ ಕೊಟ್ಟಿರಬೇಕು, ಶುರು ಮಾಡುವಾಗ ಯೂಸ್_ಝೆಂಡ್_ಡಿಟ್ರೇಸ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 1 ಅಂತಲೂ ಇಟ್ಟಿರಬೇಕು.

ಇದೆಯೋ ಇಲ್ಲವೋ ನೋಡೋಕೆ ಒಂದೇ ಸಾಲು ಸಾಕು. ಪರ್ಲ್, ಆಮೇಲೆ ಹೈಫನ್ ದೊಡ್ಡಕ್ಷರದ ವಿ, ಕೋಲನ್, ಯೂಸ್‌ಡಿಟ್ರೇಸ್. ಡಿಫೈನ್ ಅಂತಲೋ ಒಂದು ಪಾತ್ ಆಗಿಯೋ ಬಂದರೆ ಇದೆ. ಅನ್‌ನೋನ್, ಅನ್‌ಡೆಫ್ ಥರದ್ದು ಬಂದರೆ ಇಲ್ಲ. ಬೇರೆ ಭಾಷೆಗಳಿಗೆ ಬಿಸಿಸಿಯಲ್ಲೇ ಟಿಪಿಲಿಸ್ಟ್ ಅನ್ನುವ ಟೂಲ್ ಇದೆ. ಹೈಫನ್ ಪಿ ಜೊತೆ ಪ್ರೋಸೆಸ್ ನಂಬರ್ ಕೊಟ್ಟರೆ ಇರುವ ಪ್ರೋಬ್‌ಗಳ ಪಟ್ಟಿ ಹಾಕುತ್ತದೆ. ಈ ಪರೀಕ್ಷೆಯನ್ನು ಇವತ್ತೇ, ಎಲ್ಲವೂ ಸರಿಯಿರುವಾಗಲೇ ಮಾಡಿಟ್ಟುಕೊಳ್ಳಿ. ಸಾಹುಕಾರರು ಕಾಯುತ್ತಿರುವಾಗ ಪರ್ಲ್ ಕಂಪೈಲ್ ಮಾಡೋಕಾಗಲ್ಲ. ಮಾಡಿದರೂ ಈಗ ಓಡುತ್ತಿರುವ ಪ್ರೋಸೆಸ್‌ಗೆ ಅದರಿಂದ ಪ್ರಯೋಜನವಿಲ್ಲ.

ಅವತ್ತು ಸೋತು ಬಂದ್-ಚಾಲೂ ಮಾಡಿಸಿದೆ. ಭಾನುವಾರ ಕೂತು ಪ್ರೋಬ್ ಇರುವ ಪರ್ಲ್ ಒಂದನ್ನು ಬೇರೆ ಡೈರೆಕ್ಟರಿಯಲ್ಲಿ ಕಂಪೈಲ್ ಮಾಡಿ, ಮಂಡಿಯ ಸ್ಕ್ರಿಪ್ಟ್ ಅದರಲ್ಲೇ ಓಡುವ ಹಾಗೆ ಮಾಡಿದೆ. ಇನ್ನು ಬಾರಪ್ಪ ನೋಡೋಣ ಅಂತ ಕಾದೆ.

ಹತ್ತು ದಿನಕ್ಕೆ ಮತ್ತೆ ನಿಂತಿತು. ಓಡಿ ಹೋಗಿ ಪರ್ಲ್‌ಫ್ಲೋ ಹಚ್ಚಿದೆ. ಮೇಲಿನ ಶೀರ್ಷಿಕೆ ಸಾಲು ಬಂತು. ಅದರ ಕೆಳಗೆ ಏನೂ ಇಲ್ಲ. ಒಂದು ನಿಮಿಷ, ಎರಡು ನಿಮಿಷ. ನನ್ನ ನೆಟ್‌ವರ್ಕ್ ಹೋಯಿತೇನೋ ಅಂತ ಮೊಬೈಲನ್ನು ಕಿಟಕಿಗೆ ಹಿಡಿದೆ. ಆಮೇಲೆ ಹೊಳೆಯಿತು. ನಿಂತಿರುವ ಸ್ಕ್ರಿಪ್ಟ್ ಯಾವ ಸಬ್‌ರೂಟೀನನ್ನೂ ಕರೆಯುತ್ತಿಲ್ಲ. ಕರೆದರಲ್ಲವೇ ಬಾಣ ಬರೋದು? ಹಿಂದೆ ನಡೆದ ಕರೆಗಳನ್ನು ಈ ಟೂಲ್ ಹೇಳುವುದಿಲ್ಲ. ತಾನು ಅಂಟಿಕೊಂಡ ಗಳಿಗೆಯಿಂದ ಮುಂದಿನದಷ್ಟೇ ಅದಕ್ಕೆ ಗೊತ್ತು. ನೀರೇ ಬಾರದ ಪೈಪಿಗೆ ಕಿವಿಯಿಟ್ಟು ಸದ್ದು ಕೇಳ್ತಾ ಕೂತಿದ್ದೆ ನಾನು.

ನಿಂತದ್ದಕ್ಕೆ: ಎಸ್‌ಟ್ರೇಸ್

ಎಸ್‌ಟ್ರೇಸ್ ಸಬ್‌ರೂಟೀನ್ ತೋರಿಸುವುದಿಲ್ಲ. ಅದು ತೋರಿಸುವುದು ಪ್ರೋಗ್ರಾಮ್ ಮತ್ತು ಕರ್ನಲ್ ನಡುವಿನ ಮಾತುಕತೆ, ಅಂದರೆ ಸಿಸ್ಟಮ್ ಕಾಲ್‌ಗಳು. ಫೈಲ್ ತೆರೆ, ಓದು, ಬರೆ, ಕಾಯಿ, ಹೀಗೆ. ಹಾಗಾಗಿ "ಸಬ್‌ರೂಟೀನ್ ಟ್ರೇಸ್ ಮಾಡೋದು ಹೇಗೆ" ಅಂತ ಹುಡುಕುವವರು ಇದನ್ನು ಬದಿಗಿಡುತ್ತಾರೆ. ಆದರೆ ನಿಂತ ಸ್ಕ್ರಿಪ್ಟಿಗೆ ಇದಕ್ಕಿಂತ ಬೇಗ ಉತ್ತರ ಕೊಡುವುದನ್ನು ನಾನು ನೋಡಿಲ್ಲ. ಯಾವ ಭಾಷೆಯಾದರೂ ಸರಿ, ಯಾವ ತಯಾರಿಯೂ ಬೇಡ. ಇನ್‌ಸ್ಟಾಲ್ ಆಗಿದ್ದರೆ ಸಾಕು.

ಸುಡೋ ಎಸ್‌ಟ್ರೇಸ್ -ಪಿ 4127 ಅಂತ ಹೊಡೆದೆ. 4127 ಅಂದರೆ ಮಂಡಿ ಸ್ಕ್ರಿಪ್ಟಿನ ಪ್ರೋಸೆಸ್ ನಂಬರ್. ಒಂದೇ ಸಾಲು ಬಂತು. ರೀಡ್, ಬ್ರ್ಯಾಕೆಟ್, 5, ಕಾಮಾ. ಅಲ್ಲಿಗೆ ನಿಂತಿತು. ಬ್ರ್ಯಾಕೆಟ್ ಮುಚ್ಚಲೇ ಇಲ್ಲ. ಅಂದರೆ 5ನೇ ನಂಬರಿನ ಫೈಲ್ ಡಿಸ್ಕ್ರಿಪ್ಟರ್‌ನಿಂದ (ಪ್ರೋಸೆಸ್ ತೆರೆದಿಟ್ಟ ಫೈಲ್, ಕನೆಕ್ಷನ್‌ಗಳಿಗೆ ಇರುವ ನಂಬರ್) ಓದೋಕೆ ಹೋಗಿದೆ, ಏನೂ ಬಂದಿಲ್ಲ, ಕಾಯುತ್ತಿದೆ. ಆ 5 ಯಾರು ಅಂತ ಪ್ರಾಕ್ ಡೈರೆಕ್ಟರಿಯಲ್ಲಿ, 4127ರೊಳಗಿನ ಎಫ್‌ಡಿ ಅನ್ನುವಲ್ಲಿ ನೋಡಿದರೆ ಒಂದು ಸಾಕೆಟ್, ಅಂದರೆ ನೆಟ್‌ವರ್ಕ್ ಕನೆಕ್ಷನ್ನಿನ ಈ ಕಡೆಯ ತುದಿ. ಎಸ್‌ಎಸ್ -ಟಿಎನ್‌ಪಿ ಹೊಡೆದರೆ ಅದೇ ಪ್ರೋಸೆಸ್‌ನ ಹೆಸರಲ್ಲಿ ಎಸ್ಎಂಎಸ್ ಕಳಿಸುವ ಸರ್ವರ್‌ಗೆ ಒಂದು ಕನೆಕ್ಷನ್, ಸ್ಥಿತಿ "ಎಸ್ಟ್ಯಾಬ್". ಆ ಕಡೆಯವರು ಇದ್ದಾರೆ ಅಂತ ಈ ಕಡೆಯವರು ನಂಬಿ ಕೂತಿದ್ದಾರೆ.

ಕಾರಣ ಗುಮಾಸ್ತರ ಬಾಯಲ್ಲೇ ಬಂತು. "ಆಗ್ಲೇ ಒಂದ್ಸಲ ಕರೆಂಟ್ ಹೋಗಿ ಬಂತು ಅಣ್ಣಾ." ಕಂಪ್ಯೂಟರಿಗೆ ಯುಪಿಎಸ್ ಇದೆ, ರೂಟರಿಗೆ ಇಲ್ಲ. ರೂಟರ್ ಸತ್ತು ಎದ್ದಾಗ ಹಳೇ ಕನೆಕ್ಷನ್ ಅದರ ನೆನಪಿನಲ್ಲಿ ಇರಲಿಲ್ಲ. ಆ ಕಡೆಯಿಂದ ಬರಬೇಕಿದ್ದ ಉತ್ತರ ದಾರಿ ತಪ್ಪಿತು. ಸ್ಕ್ರಿಪ್ಟ್ ಬರೆದವರು ನೇರವಾಗಿ ಸಾಕೆಟ್ ತೆರೆದಿದ್ದರು, ಇಷ್ಟು ಹೊತ್ತು ಕಾದು ಬಿಟ್ಟುಬಿಡು ಅನ್ನುವ ಟೈಮ್‌ಔಟ್ ಇಟ್ಟಿರಲಿಲ್ಲ. ಆ ಕಡೆಯವರು ಇದ್ದಾರಾ ಅಂತ ತಟ್ಟಿ ನೋಡುವ, ಟಿಸಿಪಿಯ ಕೀಪ್‌ಅಲೈವ್ ಅಂತ ಒಂದಿದೆ, ಆದರೆ ಪ್ರೋಗ್ರಾಮ್ ತಾನಾಗಿ ಕೇಳದಿದ್ದರೆ ಅದು ಚಾಲೂ ಇರುವುದಿಲ್ಲ. ಕೇಳಿದರೂ ಲಿನಕ್ಸ್‌ನಲ್ಲಿ ಮೊದಲ ತಟ್ಟುವಿಕೆ 7200 ಸೆಕೆಂಡ್ ಆದಮೇಲೆ. ಎರಡು ತಾಸು ಜನರನ್ನು ಮಂಡಿಯಲ್ಲಿ ಕೂರಿಸೋಕಾಗುತ್ತಾ?

ಎಸ್‌ಟ್ರೇಸ್‌ಗೆ ದೊಡ್ಡಕ್ಷರದ ಟಿ ಕೊಟ್ಟರೆ ಪ್ರತಿ ಕರೆಗೆ ಎಷ್ಟು ಹೊತ್ತಾಯಿತು ಅಂತ ಕೊನೆಯಲ್ಲಿ ಬರೆಯುತ್ತದೆ. ವೈ ಕೊಟ್ಟರೆ 5ರ ಪಕ್ಕದಲ್ಲೇ ಅದು ಯಾವ ಫೈಲ್ ಅಥವಾ ಸಾಕೆಟ್ ಅಂತ ಹೇಳುತ್ತದೆ. ಎಫ್ ಕೊಟ್ಟರೆ ಥ್ರೆಡ್ಡುಗಳು, ಮರಿ ಪ್ರೋಸೆಸ್‌ಗಳು ಎಲ್ಲವನ್ನೂ ಹಿಂಬಾಲಿಸುತ್ತದೆ. ನನ್ನ ಕೈ ಈಗ ಮೂರನ್ನೂ ಒಟ್ಟಿಗೇ ಹೊಡೆಯುತ್ತದೆ. ಕೆ ಅಂತ ಇನ್ನೊಂದಿದೆ, ಸ್ಟ್ಯಾಕ್ (ಯಾರು ಯಾರನ್ನು ಕರೆದು ಇಲ್ಲಿಗೆ ಬಂದದ್ದು ಅನ್ನುವ ಸರಪಳಿ) ತೋರಿಸೋಕೆ. ಅದನ್ನು ನೋಡಿ ಆಸೆ ಪಡಬೇಡಿ. ಅಲ್ಲಿ ಬರುವುದು ನಿಮ್ಮ ಸಬ್‌ರೂಟೀನ್‌ಗಳ ಹೆಸರಲ್ಲ, ಪರ್ಲ್‌ನ ಹೊಟ್ಟೆಯಲ್ಲಿರುವ ಸಿ ಫಂಕ್ಷನ್‌ಗಳ ಹೆಸರು.

ದೋಷ ಏನು ಅಂದರೆ ನಿಧಾನ. ಪ್ರತಿ ಸಿಸ್ಟಮ್ ಕಾಲ್‌ಗೂ ಪ್ರೋಸೆಸ್ಸನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ತಡೆದು ನಿಲ್ಲಿಸುತ್ತದೆ. ನಿಂತ ಸ್ಕ್ರಿಪ್ಟಿಗೆ ಅದು ಲೆಕ್ಕಕ್ಕಿಲ್ಲ. ಹಗಲು ಹೊತ್ತು ಭರ್ತಿ ಕೆಲಸದಲ್ಲಿರುವ ಡೇಟಾಬೇಸ್‌ಗೆ ಹಚ್ಚಿಟ್ಟು ಊಟಕ್ಕೆ ಹೋಗಬೇಡಿ.

ನಿಧಾನಕ್ಕೆ: ಪೈ-ಸ್ಪೈ ಥರದವು

ಮಂಡಿಯಲ್ಲಿ ಪೈಥಾನ್ ಸ್ಕ್ರಿಪ್ಟ್ ಕೂಡ ಒಂದಿದೆ. ದಿನದ ದರಗಳನ್ನು ಚಿತ್ರವಾಗಿ ಮಾಡಿಕೊಡುತ್ತದೆ, ಗುಮಾಸ್ತರು ಅದನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. ಅದು ನಿಲ್ಲುತ್ತಿರಲಿಲ್ಲ, ತೆವಳುತ್ತಿತ್ತು. ಇಂಥದ್ದಕ್ಕೆ ಪ್ರತಿ ಕರೆಯ ಲೆಕ್ಕ ಬೇಡ. ಆಗಾಗ ಇಣುಕಿ ನೋಡಿದರೆ ಸಾಕು.

ಪೈ-ಸ್ಪೈ ಮಾಡುವುದು ಅದನ್ನೇ. ಹೊರಗಿನಿಂದ ಪ್ರೋಸೆಸ್‌ನ ಮೆಮೊರಿ ಓದಿ, ಈಗ ಯಾವ ಫಂಕ್ಷನ್ನಿನ ಯಾವ ಸಾಲಿನಲ್ಲಿದೆ ಅಂತ ಸೆಕೆಂಡಿಗೆ 100 ಸಲ ಇಣುಕುತ್ತದೆ. ಪೈಥಾನ್‌ನಲ್ಲಿ ಪ್ರೋಬ್ ಇರಬೇಕು ಅನ್ನುವ ತಕರಾರಿಲ್ಲ. ಟಾಪ್ ಅಂದರೆ ಓಡುತ್ತಿರುವಾಗಲೇ ಪಟ್ಟಿ ಕಾಣುತ್ತದೆ. ರೆಕಾರ್ಡ್ ಅಂದರೆ ಫ್ಲೇಮ್ ಗ್ರಾಫ್ ಚಿತ್ರ ಮಾಡಿಕೊಡುತ್ತದೆ, ಹೆಚ್ಚು ಹೊತ್ತು ತಿಂದ ಫಂಕ್ಷನ್ನಿಗೆ ಹೆಚ್ಚು ಅಗಲದ ಪಟ್ಟಿ. ಡಂಪ್ ಅಂದರೆ ಈ ಕ್ಷಣದ ಸ್ಟ್ಯಾಕ್ ಅಷ್ಟನ್ನೂ ಬರೆದು ಸುಮ್ಮನಾಗುತ್ತದೆ. ಈ ಡಂಪ್ ಇದೆಯಲ್ಲ, ನಿಂತ ಪೈಥಾನ್ ಸ್ಕ್ರಿಪ್ಟಿಗೆ ಎಸ್‌ಟ್ರೇಸ್‌ಗಿಂತಲೂ ವಾಸಿ. ಫೈಲ್, ಫಂಕ್ಷನ್, ಸಾಲಿನ ನಂಬರ್ ಸಮೇತ ಹೇಳುತ್ತದೆ.

ನನ್ನ ಸ್ಕ್ರಿಪ್ಟಿನಲ್ಲಿ ಮುಕ್ಕಾಲು ಪಾಲು ಹೊತ್ತು ಕನ್ನಡ ಫಾಂಟ್ ಲೋಡ್ ಮಾಡುವ ಫಂಕ್ಷನ್ನಿನಲ್ಲೇ ಹೋಗ್ತಿತ್ತು. ಪ್ರತಿ ಸಾಲಿಗೂ ಫಾಂಟ್ ಫೈಲನ್ನು ಹೊಸದಾಗಿ ತೆರೆಯೋದು! ಬರೆದವನು ನಾನೇ, ಹಾಗಾಗಿ ಯಾರನ್ನೂ ಬೈಯೋ ಹಾಗಿರಲಿಲ್ಲ.

ಇಣುಕಿ ನೋಡುವುದರ ಮಿತಿಯೂ ಗೊತ್ತಿರಲಿ. ಒಂದು ಇಣುಕಿಗೂ ಇನ್ನೊಂದಕ್ಕೂ ನಡುವೆ 10 ಮಿಲಿಸೆಕೆಂಡ್ ಅಂತರ. ಅಷ್ಟರೊಳಗೆ ಬಂದು ಹೋದ ಫಂಕ್ಷನ್ ಕಣ್ಣಿಗೆ ಬೀಳದೇ ಇರಬಹುದು. ಎಷ್ಟು ಸಲ ಕರೆದರು ಅನ್ನುವ ಪ್ರಶ್ನೆಗಂತೂ ಉತ್ತರವೇ ಇಲ್ಲ. ಇಣುಕುವಾಗ ಒಂದು ಗಳಿಗೆ ಪ್ರೋಸೆಸ್ಸನ್ನು ತಡೆಯುತ್ತದೆ ಕೂಡ. ಅದು ಬೇಡ ಅಂದರೆ ನಾನ್‌ಬ್ಲಾಕಿಂಗ್ ಅನ್ನುವ ಆಯ್ಕೆ ಕೊಡಬಹುದು, ಆಗ ಕೆಲವು ಇಣುಕು ತಪ್ಪಾಗಬಹುದು. ರೂಬಿಯವರಿಗೆ ಆರ್‌ಬಿಸ್ಪೈ, ಪಿಎಚ್‌ಪಿಯವರಿಗೆ ಪಿಎಚ್‌ಪಿಸ್ಪೈ ಇದೆ. ಪರ್ಲ್‌ಗೆ ಇಷ್ಟು ನಂಬಿಕೆಯಿಂದ ನಾನು ಬಳಸುವಂಥದ್ದು ಇಲ್ಲ. ಪರ್ಲ್‌ನವರ ಗೋಳು ಅದೇ.

ದಾರಿ ಹುಡುಕೋಕೆ: ಈಗ ಪರ್ಲ್‌ಫ್ಲೋ

ಎಸ್ಎಂಎಸ್ ಕಳಿಸುವ ಸಬ್‌ರೂಟೀನ್‌ಗೆ 20 ಸೆಕೆಂಡಿನ ಟೈಮ್‌ಔಟ್ ಹಾಕಿದೆ. ರೂಟರಿಗೂ ಯುಪಿಎಸ್ ಕೊಡಿಸಿದೆ. ಸ್ಕ್ರಿಪ್ಟ್ ನಿಲ್ಲುವುದು ನಿಂತಿತು. ಒಂದು ವಾರಕ್ಕೆ ಹೊಸ ದೂರು. ಕೆಲವರಿಗೆ ಒಂದೇ ಪಟ್ಟಿಯ ಎಸ್ಎಂಎಸ್ ಎರಡೆರಡು ಸಲ ಹೋಗ್ತಿದೆ. ಒಬ್ಬ ಬೆಳೆಗಾರರು ಮಂಡಿಗೇ ಬಂದು ಕೇಳಿದರಂತೆ, "ಎರಡು ಮೆಸೇಜ್ ಬಂದಿದೆ, ದುಡ್ಡೂ ಎರಡು ಸಲ ಬರ್ತದಾ?"

ಇಲ್ಲಿ ಎಸ್‌ಟ್ರೇಸ್‌ಗೆ ಹೇಳೋಕೆ ಜಾಸ್ತಿ ಏನಿಲ್ಲ. ಎರಡು ಸಲ ಕನೆಕ್ಟ್ ಆಯಿತು ಅನ್ನುತ್ತದೆ, ಅದು ನಮಗೂ ಗೊತ್ತು. ಯಾರು ಕರೆದರು ಅನ್ನುವುದು ಬೇಕು. ಇದೇ ಆ ಮೂರನೇ ಪ್ರಶ್ನೆ.

ಮೊದಲ ಸಲ ಫಿಲ್ಟರ್ ಇಲ್ಲದೆ ಹಚ್ಚಿದೆ. ಹುಲಿಕಲ್ ಘಾಟಿಯ ಮಳೆ ಟರ್ಮಿನಲ್‌ಗೆ ಸುರಿದ ಹಾಗಾಯಿತು. ದುಂಡು ಮಾಡುವ, ಕಾಮಾ ಹಾಕುವ, ದಿನಾಂಕ ತಿರುಗಿಸುವ ಸಣ್ಣ ಸಣ್ಣ ಸಬ್‌ರೂಟೀನ್‌ಗಳೇ ಸಾವಿರಾರು ಸಾಲು. ನನ್ನ ಹಾಟ್‌ಸ್ಪಾಟ್ ಉಸಿರು ಕಟ್ಟಿತು. ಕಂಟ್ರೋಲ್-ಸಿ ಒತ್ತಿದರೂ ಹಳೇ ಸಾಲುಗಳು ಬರುತ್ತಲೇ ಇದ್ದವು. ನಡುವೆ ಸ್ಯಾಂಪಲ್‌ಗಳು ಕಳೆದುಹೋದವು ಅನ್ನುವ ಎಚ್ಚರಿಕೆ ಬೇರೆ. ಪ್ರತಿ ಕರೆಗೂ ಕರ್ನಲ್‌ಗೆ ಇಳಿದು, ಸುದ್ದಿ ಮುಟ್ಟಿಸಿ, ಅದನ್ನು ಅಚ್ಚು ಹಾಕಬೇಕು. ಭಾರ ಸಣ್ಣದಲ್ಲ. ಟೂಲ್‌ನ ಕೈಪಿಡಿಯೇ ಇದನ್ನು ಮುಚ್ಚಿಟ್ಟಿಲ್ಲ.

ಹಾಗಾಗಿ ದೂರದಿಂದ ಕೆಲಸ ಮಾಡುವವರು ಔಟ್‌ಪುಟ್ಟನ್ನು ಆ ಯಂತ್ರದಲ್ಲೇ ಫೈಲಿಗೆ ಹಾಕಿ, ಆಮೇಲೆ ಬೇಕಾದ ಸಾಲುಗಳನ್ನು ಗ್ರೆಪ್ ಕಮಾಂಡಿನಿಂದ ಹೆಕ್ಕಿಕೊಳ್ಳಿ.

ಫಿಲ್ಟರ್ ಎರಡಿದೆ. ದೊಡ್ಡಕ್ಷರದ ಎಂ ಕೊಟ್ಟರೆ ಆ ಹೆಸರಿನಿಂದ ಶುರುವಾಗುವ ಸಬ್‌ರೂಟೀನ್‌ಗಳಷ್ಟೇ. ದೊಡ್ಡಕ್ಷರದ ಸಿ ಕೊಟ್ಟರೆ ಆ ಕ್ಲಾಸಿನವು ಮಾತ್ರ. ನಾನು ಆತುರಕ್ಕೆ ಎಂ ಹಾಕಿ ಸೆಂಡ್_ಎಸ್ಎಂಎಸ್ ಅಂದೆ. ಅದು ಎರಡು ಸಲ ಬಂದದ್ದು ಕಂಡಿತು, ಕರೆದವರು ಕಾಣಲಿಲ್ಲ. ಕರೆದವರನ್ನು ನಾನೇ ಸೋಸಿ ಬಿಸಾಕಿದ್ದೆನಲ್ಲ! ಬೇಕಾದದ್ದು ಸಿ. ಇಲ್ಲೊಂದು ಕೊಕ್ಕೆ ಇದೆ. ಪರ್ಲ್, ಪೈಥಾನ್‌ಗಳಲ್ಲಿ ಈ ಟೂಲ್ "ಕ್ಲಾಸ್" ಅಂತ ತಗೊಳ್ಳುವುದು ಫೈಲಿನ ಹೆಸರನ್ನು. ಪ್ಯಾಕೇಜಿನ ಹೆಸರು ಕೊಟ್ಟರೆ ಏನೂ ಬರುವುದಿಲ್ಲ. ಪ್ರೋಬ್ ಹೇಗೆ ಹೇಳುತ್ತದೋ ಹಾಗೆ, ಪಾತ್‌ನ ಶುರುವಿನಿಂದಲೇ ಕೊಡಬೇಕು. ಗೊತ್ತಿಲ್ಲದಿದ್ದರೆ ಎರಡು ಸೆಕೆಂಡ್ ಫಿಲ್ಟರ್ ಇಲ್ಲದೆ ಓಡಿಸಿ, ಹೆಸರು ಹೇಗೆ ಬರುತ್ತದೆ ಅಂತ ನೋಡಿಕೊಳ್ಳಿ.

ಮಂಡಿ ಸ್ಕ್ರಿಪ್ಟಿನ ಡೈರೆಕ್ಟರಿಯನ್ನಷ್ಟೇ ಕೊಟ್ಟು ಬಿಟ್ಟೆ. ಸಂಜೆ ಫೈಲ್ ತೆಗೆದು ನೋಡಿದರೆ ಕಥೆ ಅಲ್ಲೇ ಇತ್ತು. ಪಟ್ಟಿ_ಮುಗಿಸು ಒಳಗೆ ಹೋಗಿದೆ. ಅದರ ಕೆಳಗೆ, ಒಂದು ಹೆಜ್ಜೆ ಬಲಕ್ಕೆ, ಸೆಂಡ್_ಎಸ್ಎಂಎಸ್ ಒಳಗೆ ಹೋದದ್ದು 41.3ನೇ ಸೆಕೆಂಡಿಗೆ. ಹೊರಗೆ ಬಂದದ್ದು 61.3ಕ್ಕೆ. ಸರಿಯಾಗಿ 20 ಸೆಕೆಂಡ್, ನಾನೇ ಇಟ್ಟ ಟೈಮ್‌ಔಟ್. ಅದರ ಬೆನ್ನಿಗೇ ಬಾಕಿ_ಕಳಿಸು ಅನ್ನುವ ಸಬ್‌ರೂಟೀನ್, ಅದರೊಳಗೆ ಮತ್ತೆ ಸೆಂಡ್_ಎಸ್ಎಂಎಸ್. ಅಂದರೆ ಆ ಕಡೆಯ ಸರ್ವರ್ ಮೆಸೇಜನ್ನು ಆಗಲೇ ತಗೊಂಡಿತ್ತು, ಉತ್ತರ ಕೊಡೋದು ತಡವಾಗಿತ್ತು. ನನ್ನ ಟೈಮ್‌ಔಟ್ "ಹೋಗಿಲ್ಲ" ಅಂತ ಗುರುತು ಹಾಕಿತು. ಹಳಬರು ಬರೆದಿಟ್ಟಿದ್ದ ಬಾಕಿ_ಕಳಿಸು ಇನ್ನೊಮ್ಮೆ ಕಳಿಸಿತು. ಆ ಸಬ್‌ರೂಟೀನ್ ಇದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ನಾಲ್ಕು ಸಾವಿರ ಸಾಲಿನ ಸ್ಕ್ರಿಪ್ಟಿನಲ್ಲಿ ಇದನ್ನು ಓದಿ ಹುಡುಕಲು ಎಷ್ಟು ದಿನ ಬೇಕಿತ್ತೋ.

ಮೂರು ಕೊರತೆ ನೆನಪಿಡಿ. ಕರೆಯುವಾಗ ಕೊಟ್ಟ ಆರ್ಗ್ಯುಮೆಂಟ್‌ಗಳನ್ನು ಯುಫ್ಲೋ ತೋರಿಸುವುದಿಲ್ಲ. ಯಾವ ಬೆಳೆಗಾರರಿಗೆ ಹೋಯಿತು ಅಂತ ಸಮಯ ತಾಳೆ ನೋಡಿ ನಾನೇ ಹೊಂದಿಸಿಕೊಂಡೆ. ಪ್ರಿಂಟ್, ಸಾರ್ಟ್ ಥರದ ಪರ್ಲ್‌ನ ಸ್ವಂತ ಕೆಲಸಗಳೂ ಕಾಣುವುದಿಲ್ಲ, ಅವು ಸಬ್‌ರೂಟೀನ್‌ಗಳಲ್ಲವಲ್ಲ. ನಡುವೆ ಅಂಟಿಕೊಂಡಾಗ ಮೊದಮೊದಲು ಒಳಗೆ ಹೋದದ್ದು ನೋಡಿರದ ಸಬ್‌ರೂಟೀನ್‌ಗಳು ಹೊರಗೆ ಬರುವುದು ಮಾತ್ರ ಕಾಣಬಹುದು. ಆ ಸಾಲುಗಳನ್ನು ಬಿಟ್ಟು ಮುಂದೆ ಓದಿ.

ದಾರಿ ಬೇಡ, ಎಷ್ಟು ಸಲ ಕರೆದರು ಅಂತ ಲೆಕ್ಕ ಸಾಕು ಅನ್ನುವವರಿಗೆ ಅದೇ ಗೊಂಚಲಿನ ಪರ್ಲ್‌ಕಾಲ್ಸ್ ಇದೆ. ಬೆಳಿಗ್ಗೆ 8.30ಕ್ಕೆ ಮಳೆಮಾಪಕ ನೋಡಿ ಹಿಂದಿನ 24 ತಾಸಿನದ್ದು ಇಷ್ಟು ಅಂತ ಬರೆಯುತ್ತಾರಲ್ಲ, ಆ ಥರ. ಯಾವ ಹೊತ್ತಿಗೆ ಸುರಿಯಿತು ಗೊತ್ತಾಗದು, ಒಟ್ಟು ಗೊತ್ತಾಗುತ್ತದೆ. ಲೆಕ್ಕವನ್ನು ಕರ್ನಲ್‌ನೊಳಗೇ ಇಟ್ಟುಕೊಂಡು ಕೊನೆಗೆ ಹೇಳುವುದರಿಂದ ಟರ್ಮಿನಲ್ ಮುಳುಗುವುದಿಲ್ಲ. ಇಬಿಪಿಎಫ್‌ಗೆ ನಾವೇ ಸಣ್ಣ ಸ್ಕ್ರಿಪ್ಟ್ ಬರೆಯುವ ಬಿಪಿಎಫ್‌ಟ್ರೇಸ್ ಬಲ್ಲವರು ಇದನ್ನೇ ಒಂದು ಸಾಲಿನಲ್ಲಿ ಬರೆದುಕೊಳ್ಳಬಹುದು, ಬೇಕಾದ ಷರತ್ತು ಹಾಕಬಹುದು. ಪ್ರೋಬ್ ಇರಲೇಬೇಕು ಅನ್ನುವ ನಿಯಮ ಅಲ್ಲಿಯೂ ತಪ್ಪದು.

ಮೊದಲೇ ಮಾಡಿಡುವ ತಯಾರಿ, ಮತ್ತು ನಾನು ಸಾಯಿಸಿದ ಪ್ರೋಸೆಸ್

ಸ್ಕ್ರಿಪ್ಟ್ ನಿಮ್ಮ ಕೈಯಲ್ಲೇ ಇದೆ, ಬದಲಿಸಬಹುದು ಅಂದರೆ ಅತಿ ಅಗ್ಗದ ದಾರಿ ಬೇರೆಯೇ ಇದೆ. ಸಿಗ್ನಲ್ (ಓಡುವ ಪ್ರೋಸೆಸ್‌ಗೆ ಹೊರಗಿನಿಂದ ಕಳಿಸುವ ಸನ್ನೆ) ಬಂದರೆ ಸ್ಟ್ಯಾಕ್ ಬರೆದುಬಿಡು ಅಂತ ಸ್ಕ್ರಿಪ್ಟಿಗೇ ಹೇಳಿಡುವುದು. ಪರ್ಲ್‌ನಲ್ಲಿ ಯುಎಸ್ಆರ್1 ಸಿಗ್ನಲ್‌ಗೆ ಹ್ಯಾಂಡ್ಲರ್ ಆಗಿ (ಸಿಗ್ನಲ್ ಬಂದಾಗ ಓಡಬೇಕಾದ ತುಂಡು) ಕಾರ್ಪ್ ಮಾಡ್ಯೂಲಿನ ಕ್ಲಕ್ ಕಟ್ಟಿದರೆ ಆಯಿತು, ಒಂದೇ ಸಾಲು. ಪೈಥಾನ್‌ನಲ್ಲಿ ಫಾಲ್ಟ್‌ಹ್ಯಾಂಡ್ಲರ್‌ನ ರಿಜಿಸ್ಟರ್, 3.3ರಿಂದ ಇದೆ.

ಎರಡರಲ್ಲಿ ಪೈಥಾನಿನದ್ದು ಗಟ್ಟಿ. ಪರ್ಲ್ 5.8ರಿಂದ ಈಚೆಗೆ ಸಿಗ್ನಲ್ ಬಂದ ತಕ್ಷಣ ಕೆಲಸ ಬಿಡುವುದಿಲ್ಲ. ಕೈಯಲ್ಲಿರುವ ಒಂದು ಆಪ್‌ಕೋಡ್ (ಪರ್ಲ್‌ನ ಒಳಗಿನ ಒಂದು ಹೆಜ್ಜೆ) ಮುಗಿಸಿ ಆಮೇಲೆ ಹ್ಯಾಂಡ್ಲರ್‌ಗೆ ಬರುತ್ತದೆ. ಡೇಟಾಬೇಸಿನ ಸಿ ಲೈಬ್ರರಿಯೊಳಗೆ ಸಿಕ್ಕಿಕೊಂಡಿದ್ದರೆ ನೀವು ಎಷ್ಟು ಸಿಗ್ನಲ್ ಕಳಿಸಿದರೂ ಸುಮ್ಮನಿರಬಹುದು. ಫಾಲ್ಟ್‌ಹ್ಯಾಂಡ್ಲರ್ ಸಿಗ್ನಲ್ ಬಂದ ಗಳಿಗೆಯಲ್ಲೇ ಬರೆಯುತ್ತದೆ.

ಈಗ ನನ್ನ ತಪ್ಪು. ಸ್ಕ್ರಿಪ್ಟಿನ ಫೈಲಿಗೆ ಆ ಒಂದು ಸಾಲು ಸೇರಿಸಿ ಸೇವ್ ಮಾಡಿದೆ. ಪರೀಕ್ಷೆ ಮಾಡೋಣ ಅಂತ ಓಡುತ್ತಿದ್ದ ಪ್ರೋಸೆಸ್‌ಗೆ ಯುಎಸ್ಆರ್1 ಕಳಿಸಿದೆ. ಅದು ಬೆಳಿಗ್ಗೆ ಶುರುವಾದ ಪ್ರೋಸೆಸ್, ಹೊಸ ಸಾಲು ಅದಕ್ಕೆ ಗೊತ್ತೇ ಇಲ್ಲ. ಹ್ಯಾಂಡ್ಲರ್ ಇಲ್ಲದ ಪ್ರೋಸೆಸ್‌ಗೆ ಯುಎಸ್ಆರ್1 ಹೋದರೆ ಪ್ರೋಸೆಸ್ ಸಾಯುತ್ತದೆ. ಸತ್ತಿತು. ಲಾಟ್ ಒಂದರ ಪಟ್ಟಿ ಅರ್ಧ ಮುದ್ರಿಸಿ ಪ್ರಿಂಟರ್ ಬಾಯಿ ಮುಚ್ಚಿಕೊಂಡಿತು. ಗುಮಾಸ್ತರಿಗೆ "ಕರೆಂಟ್ ಹೋಗಿರಬೇಕು" ಅಂದುಬಿಡೋಣ ಅನ್ನಿಸಿತ್ತು. ಅನ್ನಲಿಲ್ಲ. ಸಿಗ್ನಲ್ ಕಳಿಸುವ ಮುಂಚೆ ಪ್ರಾಕ್‌ನ ಸ್ಟೇಟಸ್ ಫೈಲಿನಲ್ಲಿ ಸಿಗ್‌ಸಿಜಿಟಿ ಸಾಲು ನೋಡಿದರೆ ಯಾವ ಸಿಗ್ನಲ್‌ಗೆ ಹ್ಯಾಂಡ್ಲರ್ ಇದೆ ಅಂತ ತಿಳಿಯುತ್ತದೆ. ಅದನ್ನು ಕಲಿತದ್ದು ಆಮೇಲೆ.

ಪರ್ಲ್‌ನ ಡೆವೆಲ್ ಟ್ರೇಸ್, ಎನ್‌ವೈಟಿಪ್ರಾಫ್, ಪೈಥಾನ್‌ನ ಟ್ರೇಸ್ ಮಾಡ್ಯೂಲ್, ಬ್ಯಾಶ್‌ನ ಸೆಟ್ -ಎಕ್ಸ್ ಇವೆಲ್ಲ ಒಳ್ಳೆಯವೇ. ಆದರೆ ಸ್ಕ್ರಿಪ್ಟನ್ನು ಅವುಗಳ ಜೊತೆಗೇ ಶುರು ಮಾಡಬೇಕು. ಆಗಲೇ ಓಡುತ್ತಿರುವುದಕ್ಕೆ ಆಗುವುದಿಲ್ಲ. ಪೈಥಾನ್ 3.14 ಇದ್ದವರು ಮಾತ್ರ ಅದೃಷ್ಟವಂತರು. ಅದರಲ್ಲಿ ಪಿಡಿಬಿ ಡಿಬಗ್ಗರನ್ನೇ -ಪಿ ಕೊಟ್ಟು ಓಡುವ ಪ್ರೋಸೆಸ್‌ಗೆ ಅಂಟಿಸಬಹುದು.

ಅನುಮತಿಯ ವಿಚಾರ. "ಆಪರೇಶನ್ ನಾಟ್ ಪರ್ಮಿಟೆಡ್" ಅಂತ ಬಂದರೆ ಟೂಲ್ ಕೆಟ್ಟಿಲ್ಲ. ಒಂದು ಪ್ರೋಸೆಸ್ ಇನ್ನೊಂದರೊಳಗೆ ಯಾರು ಇಣುಕಬಹುದು ಅಂತ ತೀರ್ಮಾನಿಸುವ ಪಿಟ್ರೇಸ್_ಸ್ಕೋಪ್ ಅನ್ನುವ ಬೆಲೆ ಉಬುಂಟುವಿನಲ್ಲಿ ಸಾಮಾನ್ಯವಾಗಿ 1 ಇರುತ್ತದೆ. ಪ್ರೋಸೆಸ್ ನಿಮ್ಮದೇ ಆದರೂ ಸುಡೋ ಬೇಕು. ಡಾಕರ್ ಕಂಟೇನರ್ ಒಳಗಾದರೆ ಸಿಸ್_ಪಿಟ್ರೇಸ್ ಅನುಮತಿ ಕೊಟ್ಟಿರಬೇಕು. ಬಿಸಿಸಿಗೆ ರೂಟ್ ಬೇಕೇ ಬೇಕು. ಇನ್ನೊಂದು ವಿಷಯ: ಎಸ್‌ಟ್ರೇಸ್ ಓದಿದ, ಬರೆದ ಅಕ್ಷರಗಳನ್ನೂ ತೋರಿಸುತ್ತದೆ. ಪೈ-ಸ್ಪೈ ಡಂಪ್‌ಗೆ ಲೋಕಲ್ಸ್ ಕೊಟ್ಟರೆ ವೇರಿಯಬಲ್‌ಗಳ ಬೆಲೆಯೂ ಬರುತ್ತದೆ. ಮಂಡಿಯಲ್ಲಿ ಅದು ಅಂದರೆ ಬೆಳೆಗಾರರ ಬ್ಯಾಂಕ್ ಖಾತೆ ನಂಬರ್. ಸ್ಕ್ರೀನ್‌ಶಾಟ್ ತೆಗೆದು ಗುಂಪಿಗೆ ಹಾಕಿ ಸಹಾಯ ಕೇಳುವ ಮುಂಚೆ ಒಮ್ಮೆ ಕಣ್ಣಾಡಿಸಿ.

ಈಗ ನನ್ನ ರೂಢಿ ಹೀಗಿದೆ. ನಿಂತಿದೆ ಅಂದರೆ ಭಾಷೆ ಯಾವುದೇ ಇರಲಿ ಮೊದಲು ಎಸ್‌ಟ್ರೇಸ್, ಪೈಥಾನ್ ಆದರೆ ಜೊತೆಗೊಂದು ಪೈ-ಸ್ಪೈ ಡಂಪ್. ತೆವಳುತ್ತಿದೆ ಅಂದರೆ ಸ್ಪೈ ಬಳಗ, ಪರ್ಲ್ ಆದರೆ ಪರ್ಲ್‌ಕಾಲ್ಸ್. ಎಲ್ಲ ಸರಿ ಓಡ್ತಿದೆ, ಫಲಿತಾಂಶ ಮಾತ್ರ ತಪ್ಪು ಅಂದಾಗ ಪರ್ಲ್‌ಫ್ಲೋ, ಅದೂ ಸಿ ಫಿಲ್ಟರ್ ಹಾಕಿ, ಫೈಲಿಗೆ.

ಹೋದ ತಿಂಗಳು ಮಂಡಿಯಲ್ಲಿ ಮತ್ತೊಮ್ಮೆ ಪಟ್ಟಿ ನಿಂತಿತಂತೆ. ನಾನು ಆಗುಂಬೆ ಘಾಟಿಯಲ್ಲಿದ್ದೆ, ಸಿಗ್ನಲ್ ಇರಲಿಲ್ಲ. ಸೋಮೇಶ್ವರ ತಲುಪಿ ಮೊಬೈಲ್ ನೋಡಿದರೆ ಗುಮಾಸ್ತರು ಫೋಟೋ ಒಂದನ್ನು ಕಳಿಸಿದ್ದರು. ಮಾನಿಟರಿನ ಅಂಚಿಗೆ ನಾನು ಅಂಟಿಸಿಟ್ಟ ಚೀಟಿ ನೋಡಿ ಎಸ್‌ಟ್ರೇಸ್ ಕಮಾಂಡನ್ನು ಅವರೇ ಹೊಡೆದಿದ್ದರು. ಪರದೆಯ ಮೇಲೆ ರೈಟ್, ಬ್ರ್ಯಾಕೆಟ್, 7, ಪಕ್ಕದಲ್ಲೇ ಪ್ರಿಂಟರಿನ ಪಾತ್. ಕೆಳಗೆ ಅವರದೇ ಮೆಸೇಜ್: "ಪೇಪರ್ ಸಿಕ್ಕಿಕೊಂಡಿತ್ತು ಅಣ್ಣಾ, ತೆಗ್ದೆ."